ತೋಟದ ಕೆರೆಯ ಕಳೆ ಮತ್ತು ಇಂಗಾಲಾಮ್ಲ

ಕಾಫಿಗೆ ಹೂಮಳೆಯ ನೀರು ಕೊಡುವ ಹೊತ್ತಿಗೇ ಪಂಪಿನ ಫುಟ್‌ವಾಲ್ವಿಗೆ ಕಳೆ ಸುತ್ತಿಕೊಳ್ಳುವ ಕಾಟ ಕೆರೆಯುಳ್ಳ ಸದಸ್ಯರಿಗೆ ಹೊಸದಲ್ಲ. ನೀರೊಳಗೆ ಮುಳುಗಿ ಬೆಳೆಯುವ ಹೈಡ್ರಿಲ್ಲಾ ಇಂಥ ಕಳೆಗಳಲ್ಲಿ ಮುಖ್ಯವಾದುದು. ಅದು ಇಷ್ಟು ಸೊಕ್ಕುವುದು ಹೇಗೆ?

ಅಡಿಕೆ, ಕಾಫಿ ಗಿಡಗಳು ಬಿಸಿಲಿನಲ್ಲಿ ಆಹಾರ ತಯಾರಿಸಲು ಬೇಕಾದ ಇಂಗಾಲಾಮ್ಲ ಅನಿಲವನ್ನು ಗಾಳಿಯಿಂದ ಪಡೆಯುತ್ತವೆ. ಗಾಳಿಯಲ್ಲಿ ಅದು 10,000 ಪಾಲಿಗೆ ಸುಮಾರು 4 ಪಾಲು ಮಾತ್ರ; ಆದರೂ ಗಾಳಿ ಆಡುತ್ತಿರುವುದರಿಂದ ಎಲೆಗೆ ಸಿಗುತ್ತಲೇ ಇರುತ್ತದೆ. ನೀರಿನಲ್ಲಿ ಈ ಅನಿಲ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ನಿಂತ ನೀರಿನಲ್ಲಿ ಎಲೆಯ ಸುತ್ತಲಿನದು ತೀರಿತೆಂದರೆ ಬಿಸಿಲು ಎಷ್ಟಿದ್ದರೂ ಗಿಡಕ್ಕೆ ಉಪವಾಸವೇ.

ಹೈಸ್ಕೂಲು ಮಕ್ಕಳು ಇದನ್ನು ಮಾಡಿ ತೋರಿಸುತ್ತಾರೆ. ಹೈಡ್ರಿಲ್ಲಾದ ಕಡ್ಡಿಯನ್ನು ಗಾಜಿನ ಲೋಟದ ನೀರಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಆಮ್ಲಜನಕದ ಗುಳ್ಳೆಗಳು ಏಳುತ್ತವೆ. ಕುದಿಸಿ ಆರಿಸಿದ ನೀರಾದರೆ ಗುಳ್ಳೆ ತೀರ ಕಡಿಮೆ; ಕರಗಿದ್ದ ಅನಿಲ ಹೊರಟುಹೋಗಿರುತ್ತದೆ. ಅದಕ್ಕೆ ಚಿಟಿಕೆ ಅಡಿಗೆ ಸೋಡಾ ಹಾಕಿದರೆ ಗುಳ್ಳೆ ಮತ್ತೆ ಹೆಚ್ಚುತ್ತದೆ.

ಕಳೆಯ ಗುಟ್ಟು ಈ ಸೋಡಾದಲ್ಲೇ ಇದೆ. ಕಳೆ ತುಂಬಿದ ಕೆರೆಯಲ್ಲಿ ಮಧ್ಯಾಹ್ನದ ವೇಳೆಗೆ ಇಂಗಾಲಾಮ್ಲ ಖರ್ಚಾಗಿ ನೀರಿನ ರಸಸಾರ 9ನ್ನೂ ದಾಟಬಹುದು. ಆಗ ಎಷ್ಟೋ ಜಲಸಸ್ಯಗಳು ಕೈಚೆಲ್ಲುತ್ತವೆ. ಹೈಡ್ರಿಲ್ಲಾ ಮಾತ್ರ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟನ್ನು, ಅಂದರೆ ಸೋಡಾದಲ್ಲಿರುವ ಅಂಶವನ್ನೇ, ಬಳಸಿಕೊಳ್ಳುತ್ತದೆ. ಸೆಕೆ ಹೆಚ್ಚಿ ಅನಿಲ ಕಡಿಮೆಯಾದಾಗ ಕಬ್ಬು, ಜೋಳಗಳ ಹಾಗೆ ಇಂಗಾಲಾಮ್ಲವನ್ನು ಎಲೆಯೊಳಗೆ ಕೂಡಿಹಾಕಿಕೊಳ್ಳುವ ಉಪಾಯವೂ ಅದಕ್ಕುಂಟು. ಜಾಣ ಕಳೆಯೆನ್ನಬೇಕು!

ರಾತ್ರಿ ಎಲ್ಲವೂ ತಿರುಗುಮುರುಗು. ಬೆಳಕಿಲ್ಲದೆ ಗಿಡಗಳೂ ಆಮ್ಲಜನಕವನ್ನು ಬಳಸಿ ಇಂಗಾಲಾಮ್ಲ ಬಿಡುತ್ತವೆ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುವುದು ಇದರಿಂದಲೇ.

ಪಲ್ಪರಿನ ನೀರನ್ನು ಕೆರೆಗೆ ಬಿಟ್ಟರಂತೂ ಕೇಳುವುದೇ ಬೇಡ. ಅದು ಕೊಳೆಯುತ್ತ ಆಮ್ಲಜನಕವನ್ನು ನುಂಗಿ ಇಂಗಾಲಾಮ್ಲವನ್ನು ಬಿಡುತ್ತದೆ. ಜೊತೆಗೆ ಬರುವ ಸಾರವೂ ಮುಂದೆ ಕಳೆಗೇ ಗೊಬ್ಬರ. ಆ ನೀರಿಗೆ ಬೇರೆ ಗುಂಡಿಯೇ ಬೇಕು.

ಕಳೆಯನ್ನು ಎಳೆದು ತೆಗೆಯುವಾಗ ತುಂಡುಗಳು ನೀರಿನಲ್ಲಿ ಉಳಿಯಬಾರದು. ತುಂಡಿನಿಂದಲೂ ಕೆಸರಿನ ಗೆಡ್ಡೆಯಿಂದಲೂ ಅದು ಚಿಗುರುತ್ತದೆ. ತೆಗೆದುದನ್ನು ದಡದಿಂದ ದೂರ ಒಯ್ದು ಗೊಬ್ಬರದ ಗುಂಡಿಗೆ ಹಾಕಿ. ಭಾರತಕ್ಕೆ 1959ರಲ್ಲಿ ಬಂದ ಹುಲ್ಲುಗೆಂಡೆ ಮೀನು ಹೈಡ್ರಿಲ್ಲಾವನ್ನು ಇಷ್ಟಪಟ್ಟು ತಿನ್ನುತ್ತದೆ. ಔಷಧಿ ಹೊಡೆದು ಇಡೀ ಕೆರೆಯ ಕಳೆಯನ್ನು ಒಂದೇ ಸಲ ಕೊಲ್ಲಲು ಹೋಗಬೇಡಿ. ಅಷ್ಟೂ ಕೊಳೆತರೆ ಆಮ್ಲಜನಕ ಸಾಲದೆ ಮೀನುಗಳೂ ಸಾಯುತ್ತವೆ.