ಬ್ರೌಸರ್ ಅಪಹರಣ: ದಾರಿ ತಪ್ಪಿಸುವ ತಂತ್ರಾಂಶವನ್ನು ಪತ್ತೆ ಹಚ್ಚುವುದು ಹೇಗೆ?

ಗಣಕವನ್ನು ಚಾಲೂ ಮಾಡಿ ಬ್ರೌಸರ್ ತೆರೆಯುತ್ತೀರಿ. ನಿನ್ನೆಯವರೆಗೂ ಕಾಣುತ್ತಿದ್ದ ಪುಟದ ಬದಲು ಹೆಸರೇ ಕೇಳಿರದ ಯಾವುದೋ ಶೋಧನ ತಾಣ ಎದುರಾಗುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಸರಿಪಡಿಸುತ್ತೀರಿ. ಮರುದಿನ ನೋಡಿದರೆ ಮತ್ತೆ ಅದೇ ಪುಟ. ಏನನ್ನಾದರೂ ಹುಡುಕಿದರೆ ಮೊದಲ ನಾಲ್ಕೈದು ಫಲಿತಾಂಶಗಳೆಲ್ಲ ಜಾಹೀರಾತುಗಳೇ. ಇದನ್ನು ಬ್ರೌಸರ್ ಅಪಹರಣ ಎನ್ನುತ್ತಾರೆ. ಹೆಸರು ಸರಿಯಾಗಿಯೇ ಇದೆ. ಅಪಹೃತ ವಿಮಾನದ ಎಂಜಿನ್ನು ಕೆಟ್ಟಿರುವುದಿಲ್ಲ, ಅದು ಹಾರುತ್ತಲೇ ಇರುತ್ತದೆ. ಇಳಿಯುವ ಊರು ಮಾತ್ರ ಬೇರೆ.

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರಿದ್ದಾರೆ. ಈಗ ಅವರು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕರು. ನುಡಿ ತಂತ್ರಾಂಶದಲ್ಲಿ ಬಹಳ ಹಿಂದೆ ಬೆರಳಚ್ಚಿಸಿಟ್ಟಿದ್ದ ಪ್ರಶ್ನೆಪತ್ರಿಕೆಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕಿತ್ತು. ಅಂತರಜಾಲದಲ್ಲಿ ಹುಡುಕಿದಾಗ ‘ಉಚಿತ ಪರಿವರ್ತಕ’ ಕೊಡುವ ತಾಣವೊಂದು ಸಿಕ್ಕಿತು. ಅಲ್ಲಿ ದೊಡ್ಡದೊಂದು ಹಸಿರು ಗುಂಡಿ ಇತ್ತು. ಒತ್ತಿದರು, ಇಳಿದ ಕಡತವನ್ನು ತೆರೆದರು, ‘ನೆಕ್ಸ್ಟ್’, ‘ನೆಕ್ಸ್ಟ್’ ಎಂದು ನಾಲ್ಕು ಬಾರಿ ಕ್ಲಿಕ್ ಮಾಡಿದರು. ಪರಿವರ್ತಕ ಬರಲಿಲ್ಲ, ಬಂದದ್ದು ಬೇರೆ. ಒಂದು ವಾರ ಜಾಹೀರಾತುಗಳ ಕಾಟವನ್ನು ಸಹಿಸಿಕೊಂಡಿದ್ದರು. ಆಮೇಲೆ ಒಂದು ಸಂಜೆ ಮಗಳು ಸಿಇಟಿ ಅರ್ಜಿಗಾಗಿ ಹುಡುಕಿದಳು. ಫಲಿತಾಂಶದ ಮೊದಲ ಸಾಲಿನಲ್ಲಿ ಬಂದ ತಾಣ ನೋಡಲು ಸರ್ಕಾರಿ ತಾಣದಂತೆಯೇ ಇತ್ತು. ಹೆಸರು, ಜನ್ಮದಿನಾಂಕ, ಫೋನ್ ಸಂಖ್ಯೆ ಎಲ್ಲ ತುಂಬಿದ ಮೇಲೆ ‘ಸೇವಾ ಶುಲ್ಕ’ ಕೇಳಿತು. ಹಣ ಕಟ್ಟುವ ಮೊದಲು ಆಕೆ ತಂದೆಯನ್ನು ಕರೆದದ್ದು ಒಳ್ಳೆಯದಾಯಿತು. ವಿಳಾಸಪಟ್ಟಿಯಲ್ಲಿ ಸರ್ಕಾರಿ ತಾಣಗಳಿಗೆ ಇರುವ ‘ಗವ್ ಡಾಟ್ ಇನ್’ ಎಂಬ ಕೊನೆ ಇರಲಿಲ್ಲ. ಅಂದು ರಾತ್ರಿಯೇ ನನಗೆ ಫೋನ್ ಬಂತು: “ಸಾರ್, ಕಂಪ್ಯೂಟರ್‌ಗೆ ಏನೋ ಹೊಕ್ಕಿದೆ. ಫಾರ್ಮ್ಯಾಟ್ ಮಾಡಿಸಿಬಿಡಲೇ?”

ಬೇಡ ಎಂದೆ. ಫಾರ್ಮ್ಯಾಟ್ ಮಾಡುವುದು ಕೊನೆಯ ಉಪಾಯ. ಮೊದಲು ದೋಷ ಎಲ್ಲಿದೆ ಎಂದು ತಿಳಿಯಬೇಕು. ಅದಕ್ಕೆ ನಾವು ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ವಿಧಾನವೇ ಸಾಕು.

ಯಾರಿಗೆ ಲಾಭ?

ವೈರಸ್ ಎಂದೊಡನೆ ಕಡತ ಅಳಿಸುವ ಕಿಡಿಗೇಡಿತನ ನೆನಪಾಗುತ್ತದೆ. ಅಪಹಾರಕದ ಉದ್ದೇಶ ಅದಲ್ಲ, ಅದಕ್ಕೆ ನಿಮ್ಮ ಗಣಕ ಆರೋಗ್ಯವಾಗಿಯೇ ಇರಬೇಕು. ನೀವು ಮಾಡುವ ಪ್ರತಿ ಹುಡುಕಾಟಕ್ಕೂ, ಜಾಹೀರಾತಿನ ಮೇಲಿನ ಪ್ರತಿ ಕ್ಲಿಕ್ಕಿಗೂ ಅಂತರಜಾಲದಲ್ಲಿ ಬೆಲೆಯಿದೆ. ನಿಮ್ಮ ಹುಡುಕಾಟವನ್ನು ತನ್ನ ತಾಣದ ಮೂಲಕ ಹಾಯಿಸಿ, ನಂತರ ದೊಡ್ಡ ಶೋಧನ ಯಂತ್ರವೊಂದಕ್ಕೆ ದಾಟಿಸಿದರೆ ನಡುವೆ ನಿಂತವನಿಗೆ ಪೈಸೆಗಳು ಸಿಗುತ್ತವೆ. ಒಂದು ಗಣಕದಿಂದ ಪೈಸೆ, ಲಕ್ಷಾಂತರ ಗಣಕಗಳಿಂದ ಕೋಟಿ. ಜೊತೆಗೆ ನೀವು ಏನೇನು ಹುಡುಕುತ್ತೀರಿ ಎಂಬ ದಾಖಲೆಯೂ ಅವನ ಕೈ ಸೇರುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಫೈರ್‌ಬಾಲ್. 2017ರ ಜೂನ್ 1ರಂದು ಚೆಕ್ ಪಾಯಿಂಟ್ ಎಂಬ ಇಸ್ರೇಲಿನ ಭದ್ರತಾ ಸಂಸ್ಥೆ ಇದನ್ನು ಬಹಿರಂಗಪಡಿಸಿತು. ಬೀಜಿಂಗಿನ ರಾಫೋಟೆಕ್ ಎಂಬ ಸಂಸ್ಥೆಯ ಉಚಿತ ತಂತ್ರಾಂಶಗಳ ಜೊತೆಯಲ್ಲಿ ಇದು ಗಣಕಕ್ಕೆ ನುಸುಳಿ, ಶೋಧನ ಯಂತ್ರವನ್ನು ಬದಲಾಯಿಸುತ್ತಿತ್ತು. ಬೇರೆ ತಂತ್ರಾಂಶವನ್ನು ತಂದು ನಡೆಸುವ ಶಕ್ತಿಯೂ ಅದಕ್ಕಿತ್ತು. ಜಗತ್ತಿನಲ್ಲಿ 25 ಕೋಟಿ ಗಣಕಗಳು ಸೋಂಕಿತವಾಗಿವೆ, ಅತಿ ಹೆಚ್ಚು ಇರುವುದು ಭಾರತದಲ್ಲಿ, ಸುಮಾರು 2.53 ಕೋಟಿ, ಎಂದು ಆ ಸಂಸ್ಥೆ ಅಂದಾಜಿಸಿತು. ಅದೇ ತಿಂಗಳು ಮೈಕ್ರೋಸಾಫ್ಟ್ ಈ ಸಂಖ್ಯೆ ಉತ್ಪ್ರೇಕ್ಷಿತ ಎಂದಿತು. ಕಾರಣ ಶಿಕ್ಷಕರಿಗೆ ಕುತೂಹಲಕರವಾದದ್ದು: ಚೆಕ್ ಪಾಯಿಂಟ್ ಎಣಿಸಿದ್ದು ಆ ನಕಲಿ ಶೋಧನ ಪುಟಗಳಿಗೆ ಬಂದ ಭೇಟಿಗಳನ್ನು, ಸೋಂಕಿತ ಗಣಕಗಳನ್ನಲ್ಲ. ಪುಟಕ್ಕೆ ಬಂದವರೆಲ್ಲ ರೋಗಿಗಳಾಗಿರಬೇಕಿಲ್ಲ. ಏನನ್ನು ಅಳೆದಿದ್ದೇವೆ, ಏನನ್ನು ಅಳೆದೆವೆಂದು ಹೇಳುತ್ತಿದ್ದೇವೆ ಎಂಬ ವ್ಯತ್ಯಾಸವನ್ನು ತರಗತಿಯಲ್ಲಿ ವಿವರಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಹಾದಿಯಲ್ಲಿ ಎಲ್ಲೆಲ್ಲಿ ತಿರುಗಿಸಬಹುದು?

ನೀವು ಒಂದು ತಾಣದ ಹೆಸರನ್ನು ಬರೆದಾಗ ಏನಾಗುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಬ್ರೌಸರ್ ತನ್ನ ಸೆಟ್ಟಿಂಗ್ಸನ್ನೂ ತನಗೆ ಅಂಟಿಕೊಂಡಿರುವ ಎಕ್ಸ್‌ಟೆನ್ಷನ್‌ಗಳನ್ನೂ ಅನುಸರಿಸಿ ಕೋರಿಕೆಯನ್ನು ಸಿದ್ಧಪಡಿಸುತ್ತದೆ. ಆ ಹೆಸರಿಗೆ ಸರಿಹೊಂದುವ ಸಂಖ್ಯಾ ವಿಳಾಸ ಬೇಕು. ಅದಕ್ಕಾಗಿ ವಿಂಡೋಸ್ ಮೊದಲು ‘ಹೋಸ್ಟ್ಸ್’ ಎಂಬ ಚಿಕ್ಕ ಪಠ್ಯ ಕಡತವನ್ನು ನೋಡುತ್ತದೆ. ಅಲ್ಲಿಲ್ಲದಿದ್ದರೆ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಯಾವ ಸರ್ವರನ್ನು ಕೇಳಬೇಕೆಂದು ಸಾಮಾನ್ಯವಾಗಿ ಹೇಳುವುದು ಮನೆಯ ರೂಟರ್. ನಡುವೆ ಪ್ರಾಕ್ಸಿ ಇದ್ದರೆ ಎಲ್ಲವೂ ಅದರ ಮೂಲಕ ಹೋಗುತ್ತದೆ. ಹೀಗೆ ಹಾದಿಯಲ್ಲಿ ಮೂರು ಹಂತಗಳು: ಬ್ರೌಸರ್, ಗಣಕ, ರೂಟರ್. ಕೈಮರವನ್ನು ಎಲ್ಲಿ ತಿರುಗಿಸಿದರೂ ಪ್ರಯಾಣಿಕನಿಗೆ ಕಾಣುವ ಪರಿಣಾಮ ಒಂದೇ.

ಆದ್ದರಿಂದ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಾಯಿಸಿ ನೋಡಬೇಕು. ಮೊದಲು ಅದೇ ಗಣಕದಲ್ಲಿ ಬೇರೆ ಬ್ರೌಸರ್ ತೆರೆಯಿರಿ. ಅಲ್ಲಿ ತೊಂದರೆಯಿಲ್ಲದಿದ್ದರೆ ದೋಷ ಮೊದಲ ಬ್ರೌಸರಿನದು. ಎರಡರಲ್ಲೂ ಇದ್ದರೆ, ಮನೆಯ ವೈಫೈಯನ್ನು ಬಿಟ್ಟು ಮೊಬೈಲಿನ ಹಾಟ್‌ಸ್ಪಾಟಿಗೆ ಗಣಕವನ್ನು ಜೋಡಿಸಿ. ಆಗ ತೊಂದರೆ ಮಾಯವಾದರೆ ರೂಟರಿನ ಮೇಲೆ ಅನುಮಾನ ಪಡಿ. ಮಾಯವಾಗದಿದ್ದರೆ ಗಣಕದಲ್ಲೇ ಹುಡುಕಿ. ಎರಡು ನಿಮಿಷದ ಈ ಪರೀಕ್ಷೆಯನ್ನು ಬಿಟ್ಟು ಸಿಕ್ಕಿದ್ದನ್ನೆಲ್ಲ ಅಳಿಸಲು ಹೊರಡುವವರೇ ಹೆಚ್ಚು.

ಅನುಗೊಂಡನಹಳ್ಳಿಯ ಗಣಕದಲ್ಲಿ ಫೈರ್‌ಫಾಕ್ಸ್ ಸರಿಯಾಗಿತ್ತು, ಕ್ರೋಮ್ ಮಾತ್ರ ಅಡ್ಡದಾರಿ ಹಿಡಿದಿತ್ತು. ಅಂದರೆ ಹೋಸ್ಟ್ಸ್, ಪ್ರಾಕ್ಸಿ, ರೂಟರ್ ಇವು ಮೂರೂ ನಿರಪರಾಧಿಗಳು. ಕ್ರೋಮಿನ ಎಕ್ಸ್‌ಟೆನ್ಷನ್ ಪಟ್ಟಿ ತೆರೆದರೆ ತಾವು ಹಾಕದೇ ಇದ್ದ ಒಂದು ಹೆಸರು ಅಲ್ಲಿತ್ತು. ಆದರೆ ಅದನ್ನು ತೆಗೆಯುವ ಗುಂಡಿಯೇ ಇರಲಿಲ್ಲ! ಮೂರು ಚುಕ್ಕೆಗಳ ಮೆನುವಿನ ಕೆಳಗೆ ‘ಈ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬ ಅರ್ಥದ ಇಂಗ್ಲಿಷ್ ಸಾಲೊಂದಿತ್ತು. ಮನೆಯ ಗಣಕಕ್ಕೆ ಎಲ್ಲಿಯ ಸಂಸ್ಥೆ?

ಇದು ಇತ್ತೀಚಿನ ವರ್ಷಗಳ ಅಪಹಾರಕಗಳ ಚಾತುರ್ಯ. ಕಚೇರಿಗಳು ತಮ್ಮ ನೂರಾರು ಗಣಕಗಳಲ್ಲಿ ಒಂದೇ ಬಗೆಯ ನಿಯಮ ಹೇರಲೆಂದು ಕ್ರೋಮಿನಲ್ಲಿ ‘ಪಾಲಿಸಿ’ ಎಂಬ ಸೌಲಭ್ಯವಿದೆ. ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಅದಕ್ಕೊಂದು ಜಾಗವಿದೆ. ಅಲ್ಲಿ ಒಂದು ಸಾಲು ಬರೆದರೆ ಆ ಎಕ್ಸ್‌ಟೆನ್ಷನ್ ಕಡ್ಡಾಯವಾಗುತ್ತದೆ, ಬಳಕೆದಾರ ತೆಗೆಯಲಾರ. ಬಾಡಿಗೆದಾರ ತಾನೇ ಮಾಲೀಕನೆಂದು ಪತ್ರ ಬರೆದುಕೊಂಡ ಹಾಗೆ.

ತೊಲಗಿಸುವ ಕ್ರಮ

ಇಲ್ಲಿ ಕ್ರಮ ಮುಖ್ಯ. ನಲ್ಲಿ ನಿಲ್ಲಿಸದೆ ನೆಲ ಒರೆಸಿದರೆ ಪ್ರಯೋಜನವಿಲ್ಲ. ಮೊದಲು ಮುಖ್ಯ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ನಂತರ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಯನ್ನು ತೆರೆದು, ಸ್ಥಾಪಿಸಿದ ದಿನಾಂಕದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನ ಬಂದದ್ದು ಯಾವುದು ಎಂದು ತಕ್ಷಣ ಕಾಣುತ್ತದೆ. ಆ ದಿನದ ಅಪರಿಚಿತ ತಂತ್ರಾಂಶಗಳನ್ನು ಅನ್‌ಇನ್‌ಸ್ಟಾಲ್ ಮಾಡಿ. ಅನ್‌ಇನ್‌ಸ್ಟಾಲ್ ಮಾಡುವಾಗಲೂ ಕೆಲವು ‘ಇದರ ಬದಲು ಇನ್ನೊಂದನ್ನು ಇಟ್ಟುಕೊಳ್ಳಿ’ ಎಂದು ಕೇಳುತ್ತವೆ. ಸಾವಧಾನವಾಗಿ ಓದಿ.

ಆಮೇಲೆ ವಿಂಡೋಸ್ ಜೊತೆಯಲ್ಲೇ ಬರುವ ಡಿಫೆಂಡರ್‌ನಿಂದ ಪೂರ್ಣ ತಪಾಸಣೆ ಮಾಡಿಸಿ. ಅದರಲ್ಲಿರುವ ‘ಆಫ್‌ಲೈನ್ ಸ್ಕ್ಯಾನ್’ ವಿಂಡೋಸ್ ಚಾಲೂ ಆಗುವ ಮೊದಲೇ ಪರೀಕ್ಷಿಸುವುದರಿಂದ ಕಳ್ಳನಿಗೆ ಅಡಗಲು ಅವಕಾಶ ಕಡಿಮೆ. ಮಾಲ್‌ವೇರ್‌ಬೈಟ್ಸ್ ಸಂಸ್ಥೆಯ ಆ್ಯಡ್‌ಡಬ್ಲ್ಯುಕ್ಲೀನರ್ ಎಂಬ ಉಚಿತ ಉಪಕರಣ ಇಂಥ ತಂತ್ರಾಂಶಗಳಿಗೆಂದೇ ಇದೆ. ಅದನ್ನು ಆ ಸಂಸ್ಥೆಯ ತಾಣದಿಂದಲೇ ಪಡೆಯಿರಿ. ಭಾರತ ಸರ್ಕಾರದ ಸರ್ಟ್-ಇನ್ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಉಚಿತ ಶುದ್ಧೀಕರಣ ಉಪಕರಣಗಳಿವೆ. ಹಳೆಯ ಪುಸ್ತಕಗಳಲ್ಲಿ ಕಾಣುವ ‘ಕ್ರೋಮಿನ ಕ್ಲೀನಪ್ ಟೂಲ್ ಬಳಸಿ’ ಎಂಬ ಸಲಹೆಯನ್ನು ಮಾತ್ರ ಬಿಟ್ಟುಬಿಡಿ. ಗೂಗಲ್ 2023ರಲ್ಲಿ ಅದನ್ನು ತೆಗೆದುಹಾಕಿತು.

ಇಷ್ಟಾದ ಮೇಲೆ ಬ್ರೌಸರಿನ ಸರದಿ. ಅಪರಿಚಿತ ಎಕ್ಸ್‌ಟೆನ್ಷನ್‌ಗಳನ್ನು ತೆಗೆಯಿರಿ. ಕ್ರೋಮ್ ಮತ್ತು ಎಡ್ಜ್‌ಗಳಲ್ಲಿ ‘ರೀಸೆಟ್ ಸೆಟ್ಟಿಂಗ್ಸ್’, ಫೈರ್‌ಫಾಕ್ಸಿನಲ್ಲಿ ‘ರಿಫ್ರೆಶ್’ ಇದೆ. ಇದರಿಂದ ನಿಮ್ಮ ಬುಕ್‌ಮಾರ್ಕುಗಳೂ ಉಳಿಸಿದ ಪಾಸ್‌ವರ್ಡುಗಳೂ ಹೋಗುವುದಿಲ್ಲ. ಡೆಸ್ಕ್‌ಟಾಪಿನ ಮೇಲಿರುವ ಬ್ರೌಸರಿನ ಶಾರ್ಟ್‌ಕಟ್ಟಿನ ಪ್ರಾಪರ್ಟೀಸನ್ನೂ ನೋಡಿ. ‘ಟಾರ್ಗೆಟ್’ ಎಂಬಲ್ಲಿ ಕಾರ್ಯಕ್ರಮದ ಹೆಸರಿನ ಮುಂದೆ ಜಾಲವಿಳಾಸ ಅಂಟಿಸಿದ್ದರೆ ಆ ಶಾರ್ಟ್‌ಕಟ್ಟನ್ನು ಅಳಿಸಿ ಹೊಸದನ್ನು ಮಾಡಿಕೊಳ್ಳಿ. ಪರದೆಯ ಮೂಲೆಯಲ್ಲಿ ಜಾಹೀರಾತುಗಳು ಚಿಮ್ಮುತ್ತಿದ್ದರೆ ಅದು ಬಹಳ ಸಲ ಅಪಹರಣವೇ ಅಲ್ಲ. ಯಾವುದೋ ತಾಣಕ್ಕೆ ‘ನೋಟಿಫಿಕೇಶನ್’ ಅನುಮತಿ ಕೊಟ್ಟಿರುತ್ತೀರಿ, ಅದನ್ನು ಹಿಂತೆಗೆದರೆ ಮುಗಿಯಿತು.

‘ಸಂಸ್ಥೆ ನಿರ್ವಹಿಸುತ್ತಿದೆ’ ಎಂಬ ಸಾಲು ಇದ್ದಲ್ಲಿ ಮಾತ್ರ ರಿಜಿಸ್ಟ್ರಿಗೆ ಕೈ ಹಾಕಬೇಕು. ಶಾಲೆಯೋ ಕಚೇರಿಯೋ ಕೊಟ್ಟ ಗಣಕವಾದರೆ ಆ ಸಾಲು ನಿಜವಿರಬಹುದು, ಹಾಗಿದ್ದರೆ ಮುಟ್ಟಬೇಡಿ. ಕೆಲವು ಆ್ಯಂಟಿವೈರಸ್ ತಂತ್ರಾಂಶಗಳೂ ಅಲ್ಲಿ ಬರೆಯುತ್ತವೆ. ಮನೆಯ ಗಣಕದಲ್ಲಿ ರಿಜಿಸ್ಟ್ರಿ ಎಡಿಟರ್ ತೆರೆದು, ಮೊದಲು ‘ಎಕ್ಸ್‌ಪೋರ್ಟ್’ ಮಾಡಿ ಪ್ರತಿ ಇಟ್ಟುಕೊಂಡು, ‘ಲೋಕಲ್ ಮೆಷಿನ್’ ವಿಭಾಗದ ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂಬ ಹಾದಿಯಲ್ಲಿ ಇಳಿಯಿರಿ. ಅನುಗೊಂಡನಹಳ್ಳಿಯ ಗಣಕದಲ್ಲಿ ಅಲ್ಲಿ ಒಂದೇ ಒಂದು ನಮೂದು ಇತ್ತು. ಅಳಿಸಿ ಕ್ರೋಮನ್ನು ಮರುಚಾಲನೆ ಮಾಡಿದೊಡನೆ ಎಕ್ಸ್‌ಟೆನ್ಷನ್ ತೆಗೆಯುವ ಗುಂಡಿ ಕಾಣಿಸಿಕೊಂಡಿತು. ಗೆದ್ದೆವೆಂದುಕೊಂಡೆವು.

ಮರುದಿನ ಬೆಳಗ್ಗೆ ಅದು ಮತ್ತೆ ಬಂದಿತ್ತು! ಹಾಗೆ ಮರಳಿ ಬಂದರೆ ಯಾರೋ ಅದನ್ನು ಮತ್ತೆ ಬರೆಯುತ್ತಿದ್ದಾರೆ ಎಂದೇ ಅರ್ಥ. ಅಂಥ ಕೆಲಸಕ್ಕೆ ವಿಂಡೋಸ್‌ನಲ್ಲಿ ‘ಟಾಸ್ಕ್ ಶೆಡ್ಯೂಲರ್’ ಇದೆ. ಪ್ರತಿ ಸಲ ಲಾಗಿನ್ ಆದಾಗ ನಡೆಯಬೇಕೆಂದು ಅಲ್ಲಿ ಒಂದು ಕೆಲಸ ನಮೂದಾಗಿತ್ತು. ಮೂಲ ತಂತ್ರಾಂಶವನ್ನು ತೆಗೆದಿದ್ದರೂ ಅದು ಬಿಟ್ಟುಹೋದ ಪುಟ್ಟ ಕಡತವನ್ನು ಆ ಕೆಲಸ ಓಡಿಸುತ್ತಿತ್ತು. ಎರಡನ್ನೂ ಅಳಿಸಿ, ರಿಜಿಸ್ಟ್ರಿಯ ಸಾಲನ್ನು ಮತ್ತೊಮ್ಮೆ ತೆಗೆದ ಮೇಲೆ ಕಾಟ ನಿಂತಿತು. ಸ್ವಲ್ಪ ಅವಸರ ಮಾಡಿ ಪರಿಣಾಮವನ್ನು ಕಾರಣಕ್ಕಿಂತ ಮೊದಲು ಅಳಿಸಿದ್ದು ನನ್ನದೇ ತಪ್ಪು. ಮರಳಿ ಬರಲು ಇನ್ನೊಂದು ದಾರಿಯೂ ಉಂಟು: ಒಂದೇ ಖಾತೆಯಿಂದ ಎರಡು ಗಣಕಗಳಲ್ಲಿ ಸಿಂಕ್ ಮಾಡಿದ್ದರೆ, ಒಂದರಲ್ಲಿ ಉಳಿದ ಎಕ್ಸ್‌ಟೆನ್ಷನ್ ಇನ್ನೊಂದಕ್ಕೆ ಹರಡುತ್ತದೆ. ಸ್ವಚ್ಛ ಮಾಡುವಾಗ ಸಿಂಕ್ ನಿಲ್ಲಿಸಿ.

ಬ್ರೌಸರಿನ ಆಚೆ

ರೂಟರ್ ಅಥವಾ ಡಿಎನ್‌ಎಸ್ ಹಂತದ ಅಪಹರಣ ಅಪರೂಪ, ಆದರೆ ಹೆಚ್ಚು ಅಪಾಯಕಾರಿ. 2007ರಿಂದ 2011ರವರೆಗೆ ಹಬ್ಬಿದ್ದ ಡಿಎನ್‌ಎಸ್‌ಚೇಂಜರ್ ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಗಣಕಗಳ ಡಿಎನ್‌ಎಸ್ ವಿಳಾಸವನ್ನು ಬದಲಾಯಿಸಿತ್ತು. ಅದನ್ನು ನಡೆಸುತ್ತಿದ್ದವರು ಕನಿಷ್ಠ 1.4 ಕೋಟಿ ಡಾಲರ್ ಗಳಿಸಿದ್ದರು. 2011ರ ನವೆಂಬರಿನಲ್ಲಿ ಎಸ್ಟೋನಿಯಾದ ಆರು ಮಂದಿಯ ಬಂಧನವಾಯಿತು. ಆದರೆ ಕಳ್ಳ ಸರ್ವರ್‌ಗಳನ್ನು ಒಮ್ಮೆಲೇ ಆರಿಸಿದ್ದರೆ ಆ ಗಣಕಗಳಿಗೆ ಅಂತರಜಾಲವೇ ಸಿಗುತ್ತಿರಲಿಲ್ಲ. ಅದಕ್ಕಾಗಿ ನ್ಯಾಯಾಲಯದ ಅನುಮತಿ ಪಡೆದು, ಅವುಗಳ ಜಾಗದಲ್ಲಿ ಪ್ರಾಮಾಣಿಕ ಸರ್ವರ್‌ಗಳನ್ನು 2012ರ ಜುಲೈ 9ರವರೆಗೆ ನಡೆಸಬೇಕಾಯಿತು. ನಿಮ್ಮ ರೂಟರಿನ ಮೇಲೆ ಸಂಶಯವಿದ್ದರೆ ಅದನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಅಂತರಜಾಲ ಸಂಪರ್ಕ ಕೊಟ್ಟವರಿಂದ ಸೆಟ್ಟಿಂಗ್ಸ್ ಪಡೆದು ತುಂಬಿ, ಆಡಳಿತದ ಪಾಸ್‌ವರ್ಡನ್ನು ಬದಲಾಯಿಸಿ. ಪೆಟ್ಟಿಗೆಯ ತಳದಲ್ಲಿ ಮುದ್ರಿಸಿರುವ ಪಾಸ್‌ವರ್ಡನ್ನೇ ಇಂದಿಗೂ ಇಟ್ಟುಕೊಂಡಿರುವ ಮನೆಗಳು ಬಹಳ.

ಎಷ್ಟು ಎಚ್ಚರವಾಗಿದ್ದರೂ ಅಂಗಡಿಯಿಂದ ತಂದ ಹೊಸ ಗಣಕದಲ್ಲೇ ಇದು ಇರಬಹುದೇ? ಇದ್ದದ್ದುಂಟು. ಲೆನೊವೊ ಸಂಸ್ಥೆ 2014ರಲ್ಲಿ ಮಾರಿದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶವನ್ನು ತಾನೇ ಹಾಕಿಕೊಟ್ಟಿತ್ತು. ಬೀಗದ ಚಿಹ್ನೆಯಿರುವ ಸುರಕ್ಷಿತ ತಾಣಗಳಲ್ಲೂ ಜಾಹೀರಾತು ತುರುಕಲು ಅದು ತನ್ನದೇ ಪ್ರಮಾಣಪತ್ರವನ್ನು ವಿಂಡೋಸ್‌ನಲ್ಲಿ ನೆಟ್ಟಿತು. ಎಲ್ಲ ಗಣಕಗಳಿಗೂ ಒಂದೇ ಗುಪ್ತ ಕೀಲಿ! ಕೀಲಿ ಬಯಲಾದ ಮೇಲೆ ಯಾರು ಬೇಕಾದರೂ ಬ್ಯಾಂಕಿನ ತಾಣವನ್ನು ನಟಿಸಬಹುದಿತ್ತು. ತಂತ್ರಾಂಶವನ್ನು ತೆಗೆದರೂ ಪ್ರಮಾಣಪತ್ರ ಉಳಿಯುತ್ತಿತ್ತು. ವಿಷಯ 2015ರ ಫೆಬ್ರವರಿಯಲ್ಲಿ ಹೊರಬಿದ್ದಾಗ ಅದನ್ನು ತೆಗೆಯುವ ಪ್ರತ್ಯೇಕ ಉಪಕರಣವನ್ನು ಸಂಸ್ಥೆ ಕೊಡಬೇಕಾಯಿತು.

ಒಪ್ಪಿಗೆಯ ಪ್ರಶ್ನೆ

ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 43ನೆಯ ವಿಧಿ ಮಾಲೀಕನ ಅನುಮತಿಯಿಲ್ಲದೆ ಗಣಕಕ್ಕೆ ‘ಕಲ್ಮಶ’ ಸೇರಿಸುವುದನ್ನು ನಿಷೇಧಿಸುತ್ತದೆ. ಗಣಕದ ಸಹಜ ಕಾರ್ಯವನ್ನು ಕಸಿದುಕೊಳ್ಳುವ ಸೂಚನೆಗಳೂ ಕಲ್ಮಶವೇ ಎಂದು ಅದು ವಿವರಿಸುತ್ತದೆ. ವಂಚನೆಯ ಉದ್ದೇಶವಿದ್ದರೆ 66ನೆಯ ವಿಧಿಯಂತೆ ಮೂರು ವರ್ಷಗಳವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಪಹಾರಕಕ್ಕೆ ಈ ವರ್ಣನೆ ಚೆನ್ನಾಗಿ ಒಪ್ಪುತ್ತದೆ. ಆದರೆ ‘ಅನುಮತಿಯಿಲ್ಲದೆ’ ಎಂಬ ಮಾತನ್ನು ಗಮನಿಸಿ. ಆ ನಾಲ್ಕು ‘ನೆಕ್ಸ್ಟ್’‌ಗಳಲ್ಲಿ ಒಂದರ ಪಕ್ಕ ಮೊದಲೇ ಗುರುತು ಹಾಕಿದ್ದ ಚೌಕವಿರುತ್ತದೆ. ಅಲ್ಲಿ ನಿಮ್ಮ ಒಪ್ಪಿಗೆ ಪಡೆದೆವು ಎಂದು ಅವರು ವಾದಿಸುತ್ತಾರೆ.

ಹಾಗಾಗಿ ತಂತ್ರಾಂಶ ಸ್ಥಾಪಿಸುವಾಗ ‘ಕಸ್ಟಮ್’ ಅಥವಾ ‘ಅಡ್ವಾನ್ಸ್‌ಡ್’ ಆಯ್ಕೆಯನ್ನೇ ಆರಿಸಿ, ಬೇಡದ ಗುರುತುಗಳನ್ನು ತೆಗೆಯಿರಿ. ಯಾವುದೇ ತಂತ್ರಾಂಶವನ್ನು ತಯಾರಿಸಿದವರ ತಾಣದಿಂದಲೇ ಪಡೆಯಿರಿ. ಕನ್ನಡ ತಂತ್ರಾಂಶಗಳ ವಿಷಯದಲ್ಲಿ ಈ ಮಾತು ಇನ್ನೂ ಮುಖ್ಯ, ಏಕೆಂದರೆ ನಾವು ಅವುಗಳ ಹೆಸರನ್ನು ಬರೆದು ಹುಡುಕಿ ಮೊದಲು ಸಿಕ್ಕಿದ ಕಡೆ ಇಳಿಸಿಕೊಳ್ಳುವವರು. ಡಿಫೆಂಡರ್‌ನಲ್ಲಿ ‘ಅನಪೇಕ್ಷಿತ ಆ್ಯಪ್‌ಗಳ ತಡೆ’ ಎಂಬ ಸ್ವಿಚ್ಚಿದೆ, ಅದು ಚಾಲೂ ಇದೆಯೇ ನೋಡಿ. ದಿನನಿತ್ಯದ ಬಳಕೆಗೆ, ವಿಶೇಷವಾಗಿ ಮಕ್ಕಳಿಗೆ, ಆಡಳಿತದ ಅಧಿಕಾರವಿಲ್ಲದ ಪ್ರತ್ಯೇಕ ಖಾತೆ ಮಾಡಿಕೊಡಿ. ಆ ಖಾತೆಯಿಂದ ರಿಜಿಸ್ಟ್ರಿಯ ಆ ‘ಲೋಕಲ್ ಮೆಷಿನ್’ ಭಾಗಕ್ಕೆ ಬರೆಯಲಾಗದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದನ್ನೂ ಮರೆಯಬೇಡಿ.

ಅಪಹೃತ ಬ್ರೌಸರಿನಲ್ಲಿ ಪಾಸ್‌ವರ್ಡ್ ಬರೆದಿದ್ದರೆ, ಗಣಕ ಸ್ವಚ್ಛವಾದ ಮೇಲೆ ಅಥವಾ ಬೇರೊಂದು ಗಣಕದಿಂದ ಅವನ್ನೆಲ್ಲ ಬದಲಾಯಿಸಿ, ಮಿಂಚಂಚೆಯದನ್ನು ಮೊದಲು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ನಮ್ಮ ಶಿಕ್ಷಕರ ಮಗಳು ಅದೇ ರಾತ್ರಿ ತಂದೆಯ ಮೊಬೈಲಿನಲ್ಲಿ ಪರೀಕ್ಷಾ ಪ್ರಾಧಿಕಾರದ ನಿಜವಾದ ತಾಣವನ್ನು ತೆರೆದು ಅರ್ಜಿ ತುಂಬಿದಳು. ನಕಲಿ ತಾಣಕ್ಕೆ ಕೊಟ್ಟ ಫೋನ್ ಸಂಖ್ಯೆಗೆ ಮಾತ್ರ ‘ಸೀಟು ಕೊಡಿಸುತ್ತೇವೆ’ ಎಂಬ ಕರೆಗಳು ಇನ್ನೂ ಬರುತ್ತಿವೆಯಂತೆ.