ಕಡಲು ಏರಿತೋ, ನೆಲ ಇಳಿಯಿತೋ?

ಬಂದರುಗಳಲ್ಲಿ ಸಮುದ್ರದ ಮಟ್ಟವನ್ನು ಅಳೆಯುವ ಸಾಧನವೊಂದಿರುತ್ತದೆ. ಧಕ್ಕೆಗೆ ಭದ್ರವಾಗಿ ಜೋಡಿಸಿದ ಅಳತೆಗೋಲು ಎಂದುಕೊಳ್ಳಿ. ಇಂದಿನ ಸಾಧನಗಳು ಇದಕ್ಕಿಂತ ನಾಜೂಕಾದವು, ಆದರೆ ತತ್ವ ಅದೇ. ಹತ್ತು ವರ್ಷಗಳ ಹಿಂದೆ ನೀರು ಈ ಗೋಲಿನ ಒಂದು ಗುರುತಿನಲ್ಲಿತ್ತು. ಈಗ ಅದಕ್ಕಿಂತ ಒಂದಡಿ ಮೇಲಿದೆ. ಏನಾಯಿತು? ಸಮುದ್ರ ಒಂದಡಿ ಏರಿತು ಎಂದು ನೀವು ತಟ್ಟನೆ ಉತ್ತರಿಸಬಹುದು. ಸ್ವಲ್ಪ ತಾಳಿ. ಧಕ್ಕೆ ನಿಂತ ನೆಲವೇ ಒಂದಡಿ ಇಳಿದಿದ್ದರೂ ಗೋಲು ಇದೇ ಲೆಕ್ಕವನ್ನು ತೋರಿಸುತ್ತಿತ್ತಲ್ಲವೇ? ಗೋಲಿಗೆ ತಾನು ಮುಳುಗುತ್ತಿರುವುದು ತಿಳಿಯುವುದಿಲ್ಲ.

ಎರಡೂ ಒಂದೇ ತಾನೇ, ನೀರು ಮನೆಯೊಳಗೆ ಬಂದರೆ ಸಾಕಲ್ಲ ಎನ್ನುತ್ತೀರಾ? ಇಲ್ಲ, ಮದ್ದು ಬೇರೆ ಬೇರೆ. ಭೂಮಿಯ ಬಿಸಿ ಏರಿ ಸಮುದ್ರ ಉಬ್ಬುತ್ತಿದ್ದರೆ ಅದನ್ನು ಒಂದು ನಗರಸಭೆ ತಡೆಯಲಾರದು. ನೆಲ ಇಳಿಯುತ್ತಿದ್ದರೆ ತಡೆಯಬಹುದು. 1993ರಿಂದ ಉಪಗ್ರಹಗಳು ಅಳೆದಿರುವಂತೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ ವರ್ಷಕ್ಕೆ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು ಏರುತ್ತಿದೆ. ಅಂದರೆ ಹತ್ತು ವರ್ಷಕ್ಕೆ ಮೂರು ನಾಲ್ಕು ಸೆಂಟಿಮೀಟರ್. ನಮ್ಮ ಗೋಲಿನ ಒಂದಡಿಯನ್ನು ಈ ಏರಿಕೆಯೊಂದೇ ವಿವರಿಸಲಾರದು.

ಇಂಡೊನೇಷ್ಯಾದ ಜಕಾರ್ತಾ ನಗರವನ್ನು ನೋಡಿ. ಜಾವಾ ದ್ವೀಪದ ಉತ್ತರ ಕರಾವಳಿಯಲ್ಲಿ ಹದಿಮೂರು ನದಿಗಳು ತಂದು ಸುರಿದ ಮೆಕ್ಕಲು ಮಣ್ಣಿನ ಮೇಲೆ ಬೆಳೆದ ಊರು ಅದು. 1970ರ ದಶಕದಿಂದೀಚೆಗೆ ಅದರ ಉತ್ತರ ಭಾಗದ ಕೆಲವೆಡೆ ನೆಲ ಸುಮಾರು ನಾಲ್ಕು ಮೀಟರ್ ಇಳಿದಿದೆ. ನಾಲ್ಕು ಮೀಟರ್ ಎಂದರೆ ಒಂದು ಮಹಡಿಗಿಂತ ಹೆಚ್ಚು. ಮುವಾರಾ ಬಾರು ಎಂಬ ಬಡಾವಣೆಯಲ್ಲಿ ಕಾಂಕ್ರೀಟು ತಡೆಗೋಡೆಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಅದಕ್ಕಿಂತ ತಗ್ಗಿನಲ್ಲಿ ಬೀದಿಗಳು, ಮನೆಗಳು. 2007ರ ನವೆಂಬರಿನಲ್ಲಿ ಮಳೆಯ ನೆರೆಯಿಂದಲ್ಲ, ಬರೀ ಉಬ್ಬರದಿಂದಲೇ ಉತ್ತರ ಜಕಾರ್ತಾಕ್ಕೆ ನೀರು ನುಗ್ಗಿತು.

ಕಾರಣವೇನು? ಮುಖ್ಯವಾಗಿ ಅಂತರ್ಜಲ. ನಗರದ ಎಲ್ಲರಿಗೂ ನಲ್ಲಿ ನೀರು ತಲುಪಲಿಲ್ಲ. ಬಡವರು ಬಾವಿ ತೋಡಿದರು. ಕಾರ್ಖಾನೆ, ಹೋಟೆಲು, ದೊಡ್ಡ ಕಟ್ಟಡಗಳು ಆಳದ ಕೊಳವೆಬಾವಿ ಕೊರೆದವು. ಮಣ್ಣಿನ ಕಣಗಳ ನಡುವಿನ ನೀರು ಮೇಲಿನ ಭಾರದಲ್ಲಿ ಒಂದು ಪಾಲನ್ನು ಹೊತ್ತಿರುತ್ತದೆ. ಆ ನೀರನ್ನು ತೆಗೆದರೆ ಭಾರವೆಲ್ಲ ಕಣಗಳ ಮೇಲೆ ಬಿದ್ದು ಜೇಡಿಪದರ ಅದುಮಿಕೊಳ್ಳುತ್ತದೆ. ಹೊಸ ಹತ್ತಿ ಹಾಸಿಗೆ ಮಲಗಿ ಮಲಗಿ ಚಪ್ಪಟೆಯಾಗುವುದಿಲ್ಲವೇ, ಹಾಗೆ. ಹಾಸಿಗೆಯ ಹತ್ತಿಯನ್ನಾದರೂ ತೆಗೆದು ಹಿಂಜಿಸಬಹುದು. ಅದುಮಿದ ಜೇಡಿಯನ್ನು ಮತ್ತೆ ಉಬ್ಬಿಸುವಂತಿಲ್ಲ. ಮೆಕ್ಕಲು ತಾನಾಗಿಯೇ ಕುಗ್ಗುವುದು, ಕಟ್ಟಡಗಳ ಭಾರ, ಇವೂ ತಮ್ಮ ಪಾಲನ್ನು ಸೇರಿಸುತ್ತವೆ.

ಇಳಿತವನ್ನು ಅಳೆಯಬೇಕಾದರೆ ಹಿಂದೆಲ್ಲ ಸರ್ವೇಯವರು ಬೀದಿ ಬೀದಿ ಸುತ್ತಬೇಕಿತ್ತು. ಇಂದು ಸುಮಾರು 700 ಕಿಲೋಮೀಟರ್ ಎತ್ತರದಿಂದ ಉಪಗ್ರಹ ಆ ಕೆಲಸ ಮಾಡುತ್ತಿದೆ. ಯುರೋಪಿನ ಸೆಂಟಿನೆಲ್-1 ಉಪಗ್ರಹಗಳಲ್ಲಿ ಮೊದಲನೆಯದು 2014ರಲ್ಲಿ ಕಕ್ಷೆ ಸೇರಿತು. ಅದರ ರೇಡಾರ್ ನೆಲದತ್ತ ಸೂಕ್ಷ್ಮತರಂಗಗಳನ್ನು ಕಳುಹಿಸಿ, ಮರಳಿ ಬಂದ ಪ್ರತಿಧ್ವನಿಯನ್ನು ಹಿಡಿಯುತ್ತದೆ. ಮೋಡವಿರಲಿ, ರಾತ್ರಿಯಿರಲಿ, ಅಡ್ಡಿಯಿಲ್ಲ. ಆದರೆ ಪ್ರತಿಧ್ವನಿ ಮರಳಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕಿದರೆ ಮೀಟರುಗಳ ಮಟ್ಟದ ನಿಖರತೆಯಷ್ಟೇ ದೊರೆಯುತ್ತದೆ. ನಮಗೆ ಬೇಕಿರುವುದು ಮಿಲಿಮೀಟರ್.

ಇಲ್ಲಿಯೇ ಜಾಣತನವಿರುವುದು. ತರಂಗ ಮರಳಿ ಬಂದಾಗ ತನ್ನ ಏರಿಳಿತದ ಯಾವ ಹಂತದಲ್ಲಿತ್ತು ಎಂಬುದನ್ನೂ ರೇಡಾರ್ ದಾಖಲಿಸುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೆ ಪ್ರಾವಸ್ಥೆ ಎನ್ನುತ್ತಾರೆ. ಸೆಂಟಿನೆಲ್‌ನ ತರಂಗಾಂತರ ಸುಮಾರು 5.6 ಸೆಂಟಿಮೀಟರ್. ನೆಲ ಉಪಗ್ರಹದಿಂದ 2.8 ಸೆಂಟಿಮೀಟರ್ ದೂರ ಸರಿದರೆ, ಹೋಗಿ ಬರುವ ದಾರಿ 5.6 ಸೆಂಟಿಮೀಟರ್ ಹೆಚ್ಚುತ್ತದೆ. ಪ್ರಾವಸ್ಥೆ ಒಂದು ಪೂರ್ತಿ ಸುತ್ತು ಬರುತ್ತದೆ. ನೆಲ ಕೆಲವೇ ಮಿಲಿಮೀಟರ್ ಸರಿದರೂ ಸುತ್ತಿನ ಒಂದು ಅಂಶ ಬದಲಾಗುತ್ತದೆ. ಬೇರೆ ಬೇರೆ ದಿನದ ಎರಡು ಚಿತ್ರಗಳ ಪ್ರಾವಸ್ಥೆಗಳನ್ನು ಕಳೆದರೆ ನೆಲದ ಚಲನೆ ಬಣ್ಣದ ಪಟ್ಟಿಗಳಾಗಿ ಕಾಣಿಸುತ್ತದೆ. ನೀವು ಓದಿರುವ ವ್ಯತಿಕರಣದ ತತ್ವವೇ ಇದು. 1992ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್ ಭೂಕಂಪದಿಂದ ಸರಿದ ನೆಲದ ಇಂಥ ಚಿತ್ರ ಮರುವರ್ಷ ‘ನೇಚರ್’ ಪತ್ರಿಕೆಯ ಮುಖಪುಟದಲ್ಲಿ ಬಂದಾಗ ಭೂವಿಜ್ಞಾನಿಗಳು ಬೆರಗಾದರು.

ಇದನ್ನು ಸ್ಟುಡಿಯೋದಲ್ಲಿ ತೋರಿಸಲು ನಾವು ಗಂಟೆಯ ಮುಳ್ಳು ಕಿತ್ತ ಗೋಡೆ ಗಡಿಯಾರವೊಂದನ್ನು ತರಿಸಿದ್ದೆವು. ರಂಗಸಜ್ಜಿಕೆಯವರು ‘ಇದು ಕೆಟ್ಟಿದೆ ಸಾರ್’ ಎಂದು ವಾಪಸು ಕೊಂಡೊಯ್ದಿದ್ದರು! ಅದೇ ಗಡಿಯಾರವನ್ನು ಊಹಿಸಿಕೊಳ್ಳಿ. ನಿಮಿಷದ ಮುಳ್ಳು ಆಗ 10ರಲ್ಲಿತ್ತು, ಈಗ 20ರಲ್ಲಿದೆ. ಕಳೆದದ್ದು ಹತ್ತು ನಿಮಿಷವೋ, ಒಂದು ಗಂಟೆ ಹತ್ತು ನಿಮಿಷವೋ? ಆಗಾಗ ನೋಡುತ್ತಿದ್ದವನು ಮಾತ್ರ ಹೇಳಬಲ್ಲ. ಉಪಗ್ರಹವೂ ಹಾಗೆಯೇ. ಒಂದು ಸೆಂಟಿನೆಲ್ ಹನ್ನೆರಡು ದಿನಕ್ಕೊಮ್ಮೆ ಅದೇ ಜಾಗವನ್ನು ಅದೇ ಕೋನದಿಂದ ನೋಡುತ್ತದೆ. ವರ್ಷಕ್ಕೆ 15 ಸೆಂಟಿಮೀಟರ್ ಇಳಿಯುವ ನೆಲವೂ ಹನ್ನೆರಡು ದಿನದಲ್ಲಿ ಇಳಿಯುವುದು ಐದು ಮಿಲಿಮೀಟರ್ ಮಾತ್ರ. ಲೆಕ್ಕ ತಪ್ಪುವ ಭಯವಿಲ್ಲ.

ಭಯವಿರುವುದು ಬೇರೆಡೆ. ಗಾಳಿಯ ತೇವಾಂಶ ತರಂಗವನ್ನು ತುಸು ತಡಮಾಡುತ್ತದೆ. ನೆಲ ಇಳಿಯದಿದ್ದರೂ ಇಳಿದಂತೆ ತೋರಬಹುದು. ಜಕಾರ್ತಾದ ಸೆಕೆಗಾಳಿಯಲ್ಲಿ ಇದು ಸಣ್ಣ ತೊಡಕಲ್ಲ. ಹತ್ತಾರು ಚಿತ್ರಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಹವೆಯ ತಪ್ಪು ಅತ್ತಿತ್ತ ಓಲಾಡಿ ಕಳೆದುಹೋಗುತ್ತದೆ, ನೆಲದ ಇಳಿತ ಒಂದೇ ದಿಕ್ಕಿನಲ್ಲಿ ಮುಂದುವರಿಯುತ್ತದೆ. ಗದ್ದೆ, ತೋಪುಗಳಲ್ಲಿ ಎಲೆಗಳು ಅಲುಗಾಡಿ ಪ್ರಾವಸ್ಥೆ ಕಲಸಿಹೋಗುತ್ತದೆ. ನಗರದ ಕಟ್ಟಡಗಳಾದರೋ ಸೈಕಲ್ಲಿನ ಹಿಂದಿನ ಕೆಂಪು ಪ್ರತಿಫಲಕದಂತೆ ತರಂಗವನ್ನು ಬಂದ ದಾರಿಯಲ್ಲೇ ಹಿಂದಿರುಗಿಸುತ್ತವೆ. ವರ್ಷಗಟ್ಟಲೆ ಹೀಗೆ ಸ್ಥಿರವಾಗಿ ಹೊಳೆಯುವ ಬಿಂದುಗಳನ್ನಷ್ಟೇ ಆರಿಸಿ ಅಳೆಯುವ ವಿಧಾನವನ್ನು 2000ದ ಆಸುಪಾಸಿನಲ್ಲಿ ಇಟಲಿಯ ಮಿಲಾನಿನ ಫೆರೆಟ್ಟಿ, ಪ್ರಾಟಿ ಮತ್ತು ರೋಕ್ಕಾ ರೂಪಿಸಿದರು. ನೆಲವನ್ನು ಅದುಮುವ ಕಟ್ಟಡಗಳೇ ಅದರ ಇಳಿತವನ್ನೂ ಹೇಳಿಕೊಡುತ್ತವೆ!

ಇನ್ನೊಂದು ಮಾತು ನೆನಪಿಡಿ. ರೇಡಾರ್ ಹೇಳುವುದು ಒಂದು ಜಾಗ ಇನ್ನೊಂದಕ್ಕಿಂತ ಎಷ್ಟು ಇಳಿಯಿತು ಎಂಬುದನ್ನು. ಹೋಲಿಕೆಗೆ ಆರಿಸಿದ ಜಾಗವೇ ಇಳಿಯುತ್ತಿದ್ದರೆ? ಅದಕ್ಕಾಗಿ ನೆಲದ ಮೇಲೆ ಜಿಪಿಎಸ್ ಕೇಂದ್ರಗಳು ಬೇಕು. ಮೊದಲು ಹೇಳಿದ ಬಂದರಿನ ಗೋಲಿನ ಪಕ್ಕದಲ್ಲೂ ಒಂದಿದ್ದರೆ, ನೀರಿನ ಲೆಕ್ಕದಿಂದ ನೆಲದ ಲೆಕ್ಕ ಕಳೆದು ಸಮುದ್ರದ ನಿಜವಾದ ಏರಿಕೆಯನ್ನು ತಿಳಿಯಬಹುದು.

ಈ ಕೆಲಸಕ್ಕೆ ಈಗ ನಮ್ಮ ಉಪಗ್ರಹವೂ ಸೇರಿದೆ. ಇಸ್ರೋ ಮತ್ತು ನಾಸಾ ಕೂಡಿ ನಿರ್ಮಿಸಿದ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಮೇಲೇರಿತು. ಅಮೆರಿಕದಿಂದ ಬಂದ ರೇಡಾರ್ ಭಾಗಗಳನ್ನು ಉಪಗ್ರಹಕ್ಕೆ ಜೋಡಿಸಿದ್ದು ಬೆಂಗಳೂರಿನಲ್ಲಿ. ಅದರಲ್ಲಿ ಎರಡು ರೇಡಾರುಗಳಿವೆ: ಒಂದರ ತರಂಗಾಂತರ ಸುಮಾರು 24 ಸೆಂಟಿಮೀಟರ್, ಇಸ್ರೋದ್ದು ಸುಮಾರು 9. ಉದ್ದ ತರಂಗ ಎಲೆಗಳ ನಡುವೆ ನುಸುಳಿ ನೆಲ ಮುಟ್ಟುವುದರಿಂದ ಹಸಿರಿನ ಪ್ರದೇಶಗಳನ್ನೂ ಅಳೆಯಬಹುದು.

ಅಳೆದು ಫಲವೇನು ಎಂದು ಕೇಳುವವರು ಟೋಕಿಯೊ ನಗರವನ್ನು ನೋಡಬೇಕು. ಇಪ್ಪತ್ತನೆಯ ಶತಮಾನದಲ್ಲಿ ಅದರ ಕೋತೋ ಪ್ರದೇಶ ಸುಮಾರು ನಾಲ್ಕೂವರೆ ಮೀಟರ್ ಇಳಿಯಿತು. 1956 ಮತ್ತು 1962ರ ಕಾನೂನುಗಳು ಕಾರ್ಖಾನೆ, ಕಟ್ಟಡಗಳು ಅಂತರ್ಜಲ ಎತ್ತುವುದಕ್ಕೆ ಕಡಿವಾಣ ಹಾಕಿದವು. 1970ರ ದಶಕದಲ್ಲಿ ಇಳಿತ ಬಹುಮಟ್ಟಿಗೆ ನಿಂತಿತು. ಇಳಿದ ನೆಲ ಮಾತ್ರ ಮೇಲೇಳಲಿಲ್ಲ. ಗೋಡೆ, ಪಂಪುಗಳ ಕಾವಲಿನಲ್ಲಿಯೇ ಅಲ್ಲಿನ ಜನ ಇಂದಿಗೂ ಬದುಕುತ್ತಾರೆ.

ಇಂಡೊನೇಷ್ಯಾ 2019ರಲ್ಲಿ ರಾಜಧಾನಿಯನ್ನು ಬೋರ್ನಿಯೊ ದ್ವೀಪಕ್ಕೆ ಸಾಗಿಸುವುದಾಗಿ ಘೋಷಿಸಿತು. ಆದರೆ ಕಚೇರಿಗಳು ಹೋದರೂ ಜನ ಹೋಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಹೆಚ್ಚು ಮಹತ್ವದ್ದು, 2023ರ ಆಗಸ್ಟಿನಿಂದ ಜಕಾರ್ತಾದ ಗೊತ್ತುಮಾಡಿದ ಭಾಗಗಳಲ್ಲಿ ದೊಡ್ಡ ಕಟ್ಟಡಗಳು ಅಂತರ್ಜಲ ಬಳಸದಂತೆ ಹಾಕಿದ ನಿರ್ಬಂಧ. ನಲ್ಲಿ ನೀರು ತಲುಪದ ಓಣಿಯವರಿಗೆ ಬಾವಿ ಮುಚ್ಚಿ ಎನ್ನುವುದು ಸುಲಭವಲ್ಲ. ಕೊಳವೆಗಳನ್ನು ಮೊದಲು ಹಾಕಬೇಕು. ಪಂಪುಗಳು ನಿಜಕ್ಕೂ ನಿಂತವೇ ಎಂಬುದನ್ನು ತಪಾಸಣೆಯ ಕಾಗದಗಳು ಹೇಗೆ ಹೇಳಿದರೂ, ಹನ್ನೆರಡು ದಿನಕ್ಕೊಮ್ಮೆ ಬರುವ ರೇಡಾರ್ ಚಿತ್ರಗಳಲ್ಲಿ ಬಣ್ಣದ ಪಟ್ಟಿಗಳು ವಿರಳವಾಗುತ್ತಿವೆಯೇ ಎಂದು ಯಾರು ಬೇಕಾದರೂ ನೋಡಬಹುದು. ಸೆಂಟಿನೆಲ್‌ನ ಮಾಹಿತಿ ಎಲ್ಲರಿಗೂ ಉಚಿತ.