ನಾಣ್ಯದ ಮೇಲಿನ ಗೆರೆ: ಅಚ್ಚಿನದೋ, ಬರೀ ಗೀರೋ?

ಆಲೆಮನೆ ನೀವೆಲ್ಲ ನೋಡಿರ್ತೀರಿ. ಬೆಲ್ಲ ಹೊಯ್ಯುವ ಅಚ್ಚಿನಲ್ಲಿ ಒಂದು ಬಿರುಕಿದ್ದರೆ ಏನಾಗುತ್ತೆ? ಪಾಕ ಆ ಬಿರುಕಿಗೂ ಇಳಿಯುತ್ತೆ. ಅದರಿಂದ ತೆಗೆದ ಪ್ರತಿಯೊಂದು ಬೆಲ್ಲದ ಮೇಲೂ ಅದೇ ಜಾಗದಲ್ಲಿ ಉಬ್ಬುಗೆರೆ ಬರುತ್ತೆ. ಆಮೇಲೆ ಯಾರಾದರೂ ಮೊಳೆಯಿಂದ ಗೀರಿದರೆ ಆ ಒಂದು ಬೆಲ್ಲದಲ್ಲಿ ಮಾತ್ರ ತಗ್ಗು ಬೀಳುತ್ತೆ. ನಾಣ್ಯದ ವಿಷಯವೂ ಹೀಗೇ.

ಟಂಕಸಾಲೆಯಲ್ಲಿ ಲೋಹದ ಬಿಲ್ಲೆಯನ್ನು ಎರಡು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಜೋರಾಗಿ ಒತ್ತುತ್ತಾರೆ. ಒತ್ತಿ ಒತ್ತಿ ಅಚ್ಚು ಸವೆಯುತ್ತೆ, ಕೆಲವು ಸಲ ಬಿರುಕು ಬಿಡುತ್ತೆ. ಹಾಗಾದರೆ ಗುರುತಿಸುವುದು ಹೇಗೆ?

೧. ಭೂತಗನ್ನಡಿ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ನೋಡಿ. ಗೆರೆ ಉಬ್ಬಿದ್ದರೆ ಅಚ್ಚಿನದು ಇರಬಹುದು. ತಗ್ಗಾಗಿದ್ದರೆ ಸಾಮಾನ್ಯವಾಗಿ ಆಮೇಲೆ ಬಿದ್ದ ಗೀರು.

೨. ಅದೇ ವರ್ಷದ ಬೇರೆ ನಾಣ್ಯಗಳನ್ನು ಜೋಡಿಸಿ ನೋಡಿ. ಅದೇ ಜಾಗದಲ್ಲಿ ಅದೇ ಗುರುತು ಇನ್ನೊಂದರಲ್ಲೂ ಸಿಕ್ಕರೆ ಅದು ಅಚ್ಚಿನದೇ. ಗೀರುಗಳು ಒಂದೊಂದರಲ್ಲಿ ಒಂದೊಂದು ಕಡೆ ಇರ್ತವೆ.

೩. ಅಕ್ಷರ ಅಳಿಸಿದಂತಿದ್ದರೆ ಸುತ್ತಲೂ ನೋಡಿ. ಅಲ್ಲಿ ಉಜ್ಜಿದ ಗುರುತಿದ್ದರೆ ಯಾರೋ ಕೆರೆದದ್ದು. ಅಚ್ಚಿನ ಕುಳಿಯಲ್ಲಿ ಜಿಡ್ಡು ತುಂಬಿಕೊಂಡರೂ ಅಕ್ಷರ ಸರಿಯಾಗಿ ಮೂಡೋದಿಲ್ಲ, ಆದರೆ ಸುತ್ತಲ ಜಾಗ ನಯವಾಗೇ ಇರುತ್ತೆ.

ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ನಾಣ್ಯ ಹೊಳೆಯುತ್ತೆ, ಆದರೆ ಹೊಸ ಗೀರು ಬಿದ್ದು ಹಳೇ ಗುರುತು ಹಾಳಾಗುತ್ತೆ.

ಬೇಕೆಂದೇ ಅಚ್ಚಿನಲ್ಲಿ ಕೊರೆದ ಗುರುತೂ ಉಂಟು. ಒಂದು ರೂಪಾಯಿ, ಎರಡು ರೂಪಾಯಿ ನಾಣ್ಯದಲ್ಲಿ ಇಸವಿಯ ಕೆಳಗೆ ನೋಡಿ. ವಜ್ರದಾಕಾರ ಇದ್ದರೆ ಮುಂಬಯಿ, ನಕ್ಷತ್ರ ಇದ್ದರೆ ಹೈದರಾಬಾದ್, ಗುಂಡು ಚುಕ್ಕಿ ಇದ್ದರೆ ನೋಯಿಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ನೋಯಿಡಾದ ಟಂಕಸಾಲೆ ಶುರುವಾದದ್ದು ೧೯೮೮ರಲ್ಲಿ. ಆದ್ದರಿಂದ ಚುಕ್ಕಿ ಕಂಡ ಕೂಡಲೆ ‘ಇದು ತಪ್ಪು ನಾಣ್ಯ’ ಅನ್ನಬಾರದು.

ಇದನ್ನೆಲ್ಲ ಯಾಕೆ ತಿಳ್ಕೋಬೇಕು? ಗೀರು ಬಿದ್ದ ನಾಣ್ಯ ತೋರಿಸಿ ‘ಅಪರೂಪದ್ದು, ಸಾವಿರ ರೂಪಾಯಿ ಕೊಡಿ’ ಅನ್ನುವವರು ಇದ್ದಾರೆ. ‘ನಿಮ್ಮ ಹಳೇ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ಕಮಿಷನ್ ಕಟ್ಟಿ’ ಅಂತ ಫೋನ್ ಮಾಡುವವರೂ ಇದ್ದಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೇ ಹೇಳಿಕೊಂಡು ಹೀಗೆ ದುಡ್ಡು ಕೇಳ್ತಾರೆ, ನಂಬಬೇಡಿ ಎಂದು ಆ ಬ್ಯಾಂಕೇ ೨೦೨೧ರ ಆಗಸ್ಟ್‌ನಲ್ಲಿ ಎಚ್ಚರಿಸಿತು. ನಿಜವಾದ ಬಿರುಕುಗೆರೆ ಇದ್ದ ಮಾತ್ರಕ್ಕೂ ನಾಣ್ಯಕ್ಕೆ ದೊಡ್ಡ ಬೆಲೆ ಬರೋದಿಲ್ಲ, ಅಂಥವು ಬೇಕಾದಷ್ಟಿವೆ.

ಮನೆಯಲ್ಲಿ ಅಜ್ಜ ಅಜ್ಜಿಯರಿಗೂ ಇದನ್ನು ಹೇಳಿ. ಯಾರಾದರೂ ನಾಣ್ಯ ತೋರಿಸಿದರೆ ಎರಡೇ ಪ್ರಶ್ನೆ ಕೇಳಿ: ಉಬ್ಬೋ ತಗ್ಗೋ? ಇನ್ನೊಂದರಲ್ಲೂ ಇದೆಯೋ?

– ೭ನೇ ತರಗತಿ